ಸಾಕ್ಷರತೆ ಎಷ್ಟು, ಓದು ಎಷ್ಟು?

ಪ್ರಶ್ನೆ: 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ. 70.40. ಅಂದರೆ ನೂರಕ್ಕೆ ಎಪ್ಪತ್ತು ಜನ ಶಾಲೆ ಓದಿದವರು ಎನ್ನಬಹುದೇ?
– ಓದುಗರು, ಮಳವಳ್ಳಿ

ಉತ್ತರ: ಹಾಗೆ ಹೇಳಲಾಗದು. ಈ ಲೆಕ್ಕ 7 ವರ್ಷ ತುಂಬಿದವರದ್ದು ಮಾತ್ರ. ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರೆಲ್ಲ ಸಾಕ್ಷರರೇ, ಶಾಲೆಯ ಮೆಟ್ಟಿಲು ಹತ್ತಿರಲೇಬೇಕೆಂದಿಲ್ಲ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಅಜ್ಜಿಯೂ ಎಂ.ಎಸ್ಸಿ. ಮಾಡಿದ ಮೊಮ್ಮಗಳೂ ಇದರಲ್ಲಿ ಒಂದೇ ಲೆಕ್ಕ. ಮೈಸೂರು ಜಿಲ್ಲೆಯ ಶೇ. 72.79 ಕೂಡ ಇದೇ ಬಗೆಯದು. ಎರಡೂ ಹತ್ತಿರ ಹತ್ತಿರ ಇವೆಯೆಂದು ಎರಡು ಜಿಲ್ಲೆಗಳ ಓದಿನ ಮಟ್ಟವೂ ಒಂದೇ ಎಂದುಕೊಳ್ಳಬೇಡಿ. ಮಟ್ಟ ತಿಳಿಯಲು ಜನಗಣತಿಯ ಸಿ-8 ಕೋಷ್ಟಕ ನೋಡಬೇಕು. ಅದರಲ್ಲಿ ಪ್ರಾಥಮಿಕಕ್ಕಿಂತ ಕೆಳಗೆ, ಪ್ರಾಥಮಿಕ, ಮಿಡ್ಲ್, ಮೆಟ್ರಿಕ್, ಪಿಯುಸಿ, ಡಿಪ್ಲೊಮಾ, ಪದವಿ ಮತ್ತು ಮೇಲ್ಪಟ್ಟು ಎಂದು ವಯಸ್ಸುವಾರು, ಗಂಡು ಹೆಣ್ಣು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ.

ಪ್ರಶ್ನೆ: ನಮ್ಮ ಊರಿನವರ ವಿದ್ಯಾರ್ಹತೆಯನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕೆಂದಿದ್ದೇವೆ. ಯಾವುದಕ್ಕೆ ಎಚ್ಚರ ವಹಿಸಬೇಕು?
– ಗ್ರಾಮ ಪಂಚಾಯಿತಿ ಸದಸ್ಯೆ, ಮದ್ದೂರು ತಾಲ್ಲೂಕು

ಉತ್ತರ: ಬಹಳ ಒಳ್ಳೆಯ ಕೆಲಸ, ಖಂಡಿತ ಮಾಡಿ. ಇದು ಹೆಚ್ಚಾಗಿ ಕೆಡುವುದು ಕೇಳುವ ಪ್ರಶ್ನೆಯಲ್ಲೇ. "ಎಷ್ಟು ಓದಿದೀರಿ?" ಎಂದರೆ "ಎಸ್ಸೆಸ್ಸೆಲ್ಸಿ" ಎಂಬ ಉತ್ತರ ಬರುತ್ತದೆ. ಪಾಸಾದವರೂ ಅದನ್ನೇ ಹೇಳುತ್ತಾರೆ, ಫೇಲಾಗಿ ಬಿಟ್ಟವರೂ ಅದನ್ನೇ ಹೇಳುತ್ತಾರೆ. "ಕೊನೆಗೆ ಪಾಸಾದ ತರಗತಿ ಯಾವುದು?" ಎಂದು ಕೇಳಿ. ಎಸ್ಸೆಸ್ಸೆಲ್ಸಿ ಫೇಲಾದವರು 9ನೇ ತರಗತಿ ಪಾಸಾದವರು, ಅವರು ಮಿಡ್ಲ್‌ಗೆ ಸೇರುತ್ತಾರೆ. ಈಗ ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗ ಇನ್ನೂ ಮೆಟ್ರಿಕ್ಕೇ. ಡಿಗ್ರಿಯಲ್ಲಿ ಒಂದೆರಡು ಸಬ್ಜೆಕ್ಟ್ ಉಳಿಸಿಕೊಂಡವರನ್ನು ಪಿಯುಸಿ ಎಂದೇ ಬರೆಯಬೇಕು. "ಇಂಜಿನಿಯರಿಂಗ್" ಎಂದವರಿಗೆ ಡಿಪ್ಲೊಮಾವೋ ಬಿ.ಇ.ಯೋ ಎಂದು ಮತ್ತೊಮ್ಮೆ ಕೇಳಿ.

ಫಾರಂನಲ್ಲಿ "ಪ್ರಾಥಮಿಕ", "ಮಿಡ್ಲ್" ಎಂದು ಸ್ಥಳದಲ್ಲೇ ತುಂಬಲು ಹೋಗಬೇಡಿ. 7 ಎಂದರೆ 7 ಎಂದೇ ಬರೆಯಿರಿ. ನಮ್ಮಲ್ಲಿ ಹಿರಿಯ ಪ್ರಾಥಮಿಕ ಶಾಲೆ 7ಕ್ಕೆ ಮುಗಿಯುತ್ತಿತ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಿಕ್ಷಣವನ್ನು 8ರವರೆಗೆ ಎನ್ನುತ್ತದೆ. ತರಗತಿಯೇ ಬರೆದಿದ್ದರೆ ಆಮೇಲೆ ಯಾವ ವರ್ಗೀಕರಣಕ್ಕೆ ಬೇಕಾದರೂ ಹೊಂದಿಸಿಕೊಳ್ಳಬಹುದು. ವಯಸ್ಸಾದವರು "ಎಲ್.ಎಸ್. ಪಾಸು" ಎಂದರೆ ಅದು ಹಳೆಯ ಮಿಡ್ಲ್ ಸ್ಕೂಲಿನ ಪಬ್ಲಿಕ್ ಪರೀಕ್ಷೆ, ಎಸ್ಸೆಸ್ಸೆಲ್ಸಿ ಅಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಜಗಲಿಯಲ್ಲಿ ಕುಳಿತ ಯಜಮಾನರೊಬ್ಬರೇ ಇಡೀ ಮನೆಯ ಪರವಾಗಿ ಉತ್ತರಿಸಿದರೆ ಸೊಸೆಯಂದಿರ ಓದು ತಪ್ಪಾಗಿ ದಾಖಲಾಗುತ್ತದೆ. ತವರಿನಲ್ಲಿ ಪಿಯುಸಿ ಮುಗಿಸಿ ಬಂದವಳನ್ನು "ಏನೋ ಹತ್ತನೆಯದೋ ಏನೋ" ಎಂದುಬಿಡುತ್ತಾರೆ. ಆಕೆಯನ್ನೇ ಕರೆದು ಕೇಳಿ, ಸಾಧ್ಯವಾದರೆ ಅಂಕಪಟ್ಟಿ ನೋಡಿ. ಓದಿದ ಹೆಣ್ಣುಮಗಳ ಓದು ಪಟ್ಟಿಗೇ ಬರದೆ ಹೋಗುವುದು ಅನ್ಯಾಯ.

ಮೈಸೂರಿನ ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುವವರನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಅವರನ್ನು ಸೇರಿಸಿದರೆ ಊರಿನ ಮಟ್ಟ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸೇರಿಸಿದ್ದೀರೋ ಬಿಟ್ಟಿದ್ದೀರೋ ಎಂಬುದು ವರದಿಯಲ್ಲಿ ಸ್ಪಷ್ಟವಾಗಿರಲಿ.

ಪ್ರಶ್ನೆ: ಊರಿನ 1,000 ಜನರಲ್ಲಿ 60 ಪದವೀಧರರು. ಶೇ. 6 ಎಂದು ಬರೆದರೆ ಸರಿಯೇ?
– ಪದವಿ ವಿದ್ಯಾರ್ಥಿ, ಮೈಸೂರು

ಉತ್ತರ: ಲೆಕ್ಕ ಸರಿ, ಆದರೆ ಅಂಗನವಾಡಿ ಮಕ್ಕಳೂ ಆ ಸಾವಿರದಲ್ಲಿದ್ದಾರೆ. ಪದವಿ ಮುಗಿಸುವ ವಯಸ್ಸು ದಾಟಿದವರನ್ನು, ಅಂದರೆ 25 ತುಂಬಿದವರನ್ನು ಮಾತ್ರ ತೆಗೆದುಕೊಳ್ಳಿ. ಅಂಥವರು 600 ಇದ್ದು ಅವರಲ್ಲಿ 54 ಪದವೀಧರರಿದ್ದರೆ ಶೇ. 9. ನಂತರ 25ರಿಂದ 34 ವಯಸ್ಸಿನವರನ್ನೂ 55 ದಾಟಿದವರನ್ನೂ ಬೇರೆ ಮಾಡಿ ನೋಡಿ. ಒಂದು ತಲೆಮಾರಿನಲ್ಲಿ ಆದ ಬದಲಾವಣೆ ಅಲ್ಲಿ ಕಾಣುತ್ತದೆ. ಶೇಕಡಾವಾರಿನ ಪಕ್ಕದಲ್ಲಿ ತಲೆ ಎಣಿಕೆಯನ್ನೂ ಕೊಡಿ. 20 ಜನರ ಗುಂಪಿನಲ್ಲಿ ಒಬ್ಬರು ಹೆಚ್ಚಾದರೂ ಶೇ. 5 ಏರಿಬಿಡುತ್ತದೆ.