ಹಿಂದಿನವರ ಕೈಕೆಲಸ, ನಿಮ್ಮ ತಲೆನೋವು

ಹೋದ ತಿಂಗಳು ಈ ಅಂಕಣದಲ್ಲಿ ನನ್ನ ಹಳೆಯ ಕಿಟ್ ಕಾರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಪ್ಪಾಯಿತು ನೋಡಿ. ಮೈಲೇಜ್, ಬ್ಯಾಟರಿ, ಕ್ಲಚ್ಚಿನ ಪ್ರಶ್ನೆಗಳೆಲ್ಲ ಮೂಲೆ ಸೇರಿದವು. ಇಂಗ್ಲೆಂಡಿನಲ್ಲಿರುವ ನಮ್ಮವರು ಇಷ್ಟು ಜನ ಗ್ಯಾರೇಜಿನಲ್ಲಿ ಕಾರು ಬಿಚ್ಚಿಟ್ಟುಕೊಂಡು ಕೂತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ಈ ತಿಂಗಳು ಪೂರ್ತಿ ಅದೇ ಮಾತು.

ಗೊತ್ತಿಲ್ಲದವರಿಗೆ ಒಂದಿಷ್ಟು. ಕಿಟ್ ಕಾರು ಅಂದರೆ ಕಂಪನಿಯವರು ಚಾಸಿ, ಬಾಡಿ, ಒಂದಷ್ಟು ಬಿಡಿಭಾಗ ಕಳಿಸುತ್ತಾರೆ. ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಸಾಮಾನ್ಯವಾಗಿ ಯಾವುದಾದರೂ ಹಳೆಯ ಫೋರ್ಡ್ ಕಾರಿನಿಂದ ಬಿಚ್ಚಿ ತಂದು ನೀವೇ ಮನೆಯಲ್ಲಿ ಜೋಡಿಸಬೇಕು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ 'ಸೆವೆನ್' ಅನ್ನೋ ಪುಟ್ಟ ಎರಡು ಸೀಟಿನ ಕಾರು ತಂದಿತು. ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ, ಬಿಡಿಭಾಗವಾಗಿ ಕೊಂಡರೆ ತೆರಿಗೆ ಇಲ್ಲ. ಆದರೆ ಜೋಡಿಸುವ ವಿಧಾನ ಬರೆದುಕೊಡುವಂತಿರಲಿಲ್ಲ. ಅದಕ್ಕೆ ಕಂಪನಿಯವರು ಕಾರನ್ನು ಬಿಚ್ಚುವ ವಿಧಾನ ಬರೆದುಕೊಟ್ಟರಂತೆ, ಗಿರಾಕಿಗಳು ಅದನ್ನು ಕೊನೆಯಿಂದ ಹಿಂದಕ್ಕೆ ಓದಿಕೊಂಡರಂತೆ! ಈ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಆ ಮಾದರಿಯನ್ನು ನೋಡಿ ಮಾಡಿದ ಕಿಟ್‌ಗಳು ಆಮೇಲೆ ಬೇಕಾದಷ್ಟು ಬಂದವು. ಸರಿ, ಕಾಗದಗಳಿಗೆ ಬರೋಣ.

ಪ್ರಶ್ನೆ: ಸರ್, ಸೆವೆನ್ ತರದ ಒಂದು ಹಳೆಯ ಕಿಟ್ ಕಾರು ಕೊಂಡಿದ್ದೇನೆ. 1989ರಲ್ಲಿ ಯಾರೋ ಮನೆಯಲ್ಲೇ ಕಟ್ಟಿದ್ದು. ಹದಿನಾಲ್ಕು ವರ್ಷ ಒಂದು ಕೊಟ್ಟಿಗೆಯಲ್ಲಿ ನಿಂತಿತ್ತು. 1600 ಸಿಸಿ ಫೋರ್ಡ್ ಕ್ರಾಸ್‌ಫ್ಲೋ ಎಂಜಿನ್. ಕಾರಿನ ಜೊತೆ ಎರಡು ಡಬ್ಬ ತುಂಬಾ ನಟ್ಟು ಬೋಲ್ಟು ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ? (ಕವೆಂಟ್ರಿಯಿಂದ ಒಬ್ಬ ಓದುಗರು)

ಉತ್ತರ: ಆ ಎರಡು ಡಬ್ಬಗಳನ್ನು ಮೊದಲು ಅಟ್ಟಕ್ಕೆ ಹಾಕಿ. ಅದರಲ್ಲಿರುವುದು ನಿಮ್ಮ ಕಾರಿನದೇ ಅಂತ ಯಾರೂ ಪ್ರಮಾಣ ಮಾಡಿಲ್ಲ.

ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಕಾರ್ಖಾನೆಯಿಂದ ಬಂದ ಹಳೆಯ ಕಾರಾದರೆ ಅದಕ್ಕೊಂದು ಪುಸ್ತಕ ಇರುತ್ತದೆ, ಯಾವ ಬೋಲ್ಟು ಎಲ್ಲಿ ಅಂತ ಬರೆದಿರುತ್ತದೆ. ಕಿಟ್ ಕಾರಿಗೆ ಕಾರ್ಖಾನೆ ಅಂದರೆ ಆ ಹಿಂದಿನ ಪುಣ್ಯಾತ್ಮರ ಗ್ಯಾರೇಜು. ಅವರು ಎಷ್ಟು ಶ್ರದ್ಧೆಯವರು, ಭಾನುವಾರ ಸಂಜೆ ಆರಕ್ಕೆ ಎಷ್ಟು ಸುಸ್ತಾಗಿದ್ದರು, ಅದೆಲ್ಲ ನಿಮ್ಮ ಕಾರಿನೊಳಗೆ ಕೂತಿದೆ. ಹಾಗಾಗಿ ಅವರ ಒಂದು ಕೆಲಸವನ್ನೂ ನಂಬಬೇಡಿ. ಬೈಯಲೂಬೇಡಿ, ಸುಮ್ನೆ ಮತ್ತೆ ನೋಡಿ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದೊಂದು ಜಾಗಕ್ಕೆ ಮೂರು ಫೋಟೋ, ಒಂದು ದೂರದಿಂದ, ಎರಡು ಹತ್ತಿರದಿಂದ. ಬಿಚ್ಚಿದ್ದನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಟಿ ಬರೆದು ಚೀಟಿಯನ್ನು ಕವರಿನ ಒಳಗೇ ಇಡಿ. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು ಎಣ್ಣೆ ಕೈ ತಾಗಿದರೆ ಅಳಿಸಿಹೋಗುತ್ತದೆ. ನಾನು ಹಾಗೆ ಬರೆದಿಟ್ಟ ಹನ್ನೊಂದು ಕವರು ಒಂದೇ ವಾರದಲ್ಲಿ ಅನಾಥವಾದವು.

ಬೋಲ್ಟುಗಳ ತಲೆ ನೋಡುತ್ತಾ ಹೋಗಿ. ಸಸ್ಪೆನ್ಷನ್‌ನಲ್ಲಿ, ಸೀಟ್ ಬೆಲ್ಟ್ ಕಟ್ಟಿದ ಜಾಗದಲ್ಲಿ, ಸ್ಟೀರಿಂಗ್‌ನಲ್ಲಿ ಇರುವ ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಜಾಸ್ತಿ ಅಂಕಿ ಕೆತ್ತಿರಬೇಕು. ಏನೂ ಇಲ್ಲದ ಬೋಳು ತಲೆ ಕಂಡರೆ ಅದು ಹಾರ್ಡ್‌ವೇರ್ ಅಂಗಡಿಯ ಗೇಟಿನ ಬೋಲ್ಟು, ಎಸೆಯಿರಿ. ಈ ಕಾರುಗಳಲ್ಲಿ ಕೆಲವು ಬೋಲ್ಟು ಇಂಚಿನ ಲೆಕ್ಕ, ಕೆಲವು ಮಿಲಿಮೀಟರ್ ಲೆಕ್ಕ. ಅರ್ಧ ಇಂಚಿನ ತಲೆ ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂತಂತೆ ಕಾಣುತ್ತದೆ, ತಿರುಗಿಸಿದರೆ ಜಾರಿ ಮೂಲೆಗಳನ್ನೆಲ್ಲ ಸವೆಸಿಬಿಡುತ್ತದೆ. ಎರಡೂ ಸೆಟ್ ಬೇಕೇ ಬೇಕು.

ಆಮೇಲೆ ಚಾಸಿ. ಅದು ಸಣ್ಣ ಚೌಕ ಪೈಪುಗಳನ್ನು ವೆಲ್ಡ್ ಮಾಡಿದ ಪಂಜರ, ಅಷ್ಟೇ. ಮೇಲೆ ಪೌಡರ್ ಕೋಟಿಂಗ್ ಹೊಳೆಯುತ್ತಿರುತ್ತದೆ, ಒಳಗೆ ತುಕ್ಕು ತಿನ್ನುತ್ತಿರುತ್ತದೆ. ಕೋಟಿಂಗ್ ಒಂದು ಕಡೆ ಚಕ್ಕೆ ಎದ್ದರೆ ಸಾಕು, ನೀರು ಅದರಡಿ ಸೇರಿ ಹೊರಗೆ ಬರುವುದೇ ಇಲ್ಲ. ಸಣ್ಣ ಸುತ್ತಿಗೆಯಿಂದ ಪೈಪುಗಳನ್ನು ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಟಣ್ ಅನ್ನುತ್ತದೆ. ತುಕ್ಕು ಹಿಡಿದದ್ದು, ಬಲಿಯದ ತೆಂಗಿನಕಾಯಿ ತಟ್ಟಿದಂತೆ, ಸಪ್ಪೆ. ಪೆಡಲ್ ಹತ್ತಿರ, ಮುಂದಿನ ವಿಶ್‌ಬೋನ್ (ಚಕ್ರ ಹಿಡಿದುಕೊಳ್ಳುವ ತೋಳು) ಸೇರುವ ಮೂಲೆಗಳಲ್ಲಿ ಜಾಸ್ತಿ ಹೊತ್ತು ತಟ್ಟಿ. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡೂ ಕಡೆಯಿಂದ ತೆಗೆದುಕೊಳ್ಳಿ. ಎರಡೂ ಒಂದೇ ಬರದಿದ್ದರೆ ಕಾರು ಯಾವಾಗಲೋ ಗುದ್ದಿಸಿಕೊಂಡಿದೆ. ಕಾಗದಪತ್ರದಲ್ಲಿರುವ ಚಾಸಿ ನಂಬರೂ ಪೈಪಿನ ಮೇಲಿನ ನಂಬರೂ ಒಂದೇನಾ ನೋಡಿ. ಚಾಸಿಯನ್ನು ಕತ್ತರಿಸಬೇಕಾಗಿ ಬಂದರೆ ಮೊದಲೇ ಡಿವಿಎಲ್‌ಎಗೆ (ನಮ್ಮ ಆರ್‌ಟಿಒ ತರದ ಅಲ್ಲಿನ ಕಚೇರಿ) ಬರೆದು ಕೇಳಿ, ಕತ್ತರಿಸಿದ ಮೇಲಲ್ಲ.

ಇನ್ನೊಂದು. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಗ್ಯಾರೇಜಿನಲ್ಲೇ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಟ್ಯಾಂಕು ಖಾಲಿ ಮಾಡುವುದಾದರೆ ಕಾರನ್ನು ಹೊರಗೆ ತಳ್ಳಿಯೇ ಮಾಡಿ. ಕಾರು ಬರೀ ಐನೂರು ಕಿಲೋ ಅಂತ ಇಟ್ಟಿಗೆ ಮೇಲೆ ನಿಲ್ಲಿಸಿ ಕೆಳಗೆ ಮಲಗಬೇಡಿ. ಐನೂರು ಕಿಲೋ ಎದೆ ಮೇಲೆ ಬಿದ್ದರೆ ಸಾಕಲ್ವಾ?

ಪ್ರಶ್ನೆ: ಅಲ್ಯುಮಿನಿಯಂ ತಗಡಿನ ಮೇಲೆ ರಿವೆಟ್‌ಗಳ ಸುತ್ತ ಬಣ್ಣ ಉಬ್ಬುತ್ತಿದೆ. ಕೆರೆದರೆ ಬಿಳಿ ಪುಡಿ ಬರುತ್ತದೆ. ಮತ್ತೆ ಬಣ್ಣ ಹೊಡೆದರೂ ಆರು ತಿಂಗಳಿಗೆ ಅದೇ ಕತೆ. (ಮಿಲ್ಟನ್ ಕೀನ್ಸ್)

ಉತ್ತರ: ಬಣ್ಣದ್ದಲ್ಲ ತಪ್ಪು. ಅಲ್ಯುಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿ, ನಡುವೆ ಉಪ್ಪು ನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಅದರಲ್ಲಿ ಕರಗುವುದು ಅಲ್ಯುಮಿನಿಯಂ. ಆ ಬಿಳಿ ಪುಡಿ ಅದರ ತುಕ್ಕು. ಮಂಗಳೂರು, ಕಾರವಾರದ ಕಡೆ ಸಮುದ್ರದ ಗಾಳಿಗೆ ಕಿಟಕಿ ಚೌಕಟ್ಟು ಹೀಗೇ ಆಗುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಸಮುದ್ರ ಬೇಡ, ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪೇ ಸಾಕು.

ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು ತಗಡು ಬಿಡಿಸಿ. ಪೈಪನ್ನು ಉಜ್ಜಿ ಪ್ರೈಮರ್ ಹೊಡೆಯಿರಿ, ಪೈಪಿಗೂ ತಗಡಿಗೂ ನಡುವೆ ಪಾಲಿಯುರೆಥೇನ್ ಸೀಲೆಂಟ್ ಸಾಲಾಗಿ ಹಚ್ಚಿ. ರಿವೆಟ್ ಕೂಡ ಪೂರ್ತಿ ಅಲ್ಯುಮಿನಿಯಂನದೇ ಇರಲಿ, ಅದನ್ನೂ ಸೀಲೆಂಟ್‌ನಲ್ಲಿ ಅದ್ದಿಯೇ ಹೊಡೆಯಿರಿ. ಕೈಯೆಲ್ಲ ಅಂಟಂಟು ಆಗುತ್ತದೆ, ಕೈಗವಸು ಹಾಕಿಕೊಳ್ಳಿ.

ಪ್ರಶ್ನೆ: ಬ್ರೇಕ್ ಪೂರ್ತಿ ಹೊಸದು ಮಾಡಿದೆ. ಏರ್ ಎಷ್ಟು ಸಲ ತೆಗೆದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಜೊತೆಗೆ ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟೂ ಮಿಣುಕುತ್ತದೆ. ದೆವ್ವ ಹೊಕ್ಕಿದೆಯಾ ಅಂತ ಅನುಮಾನ. (ಡಾರ್ಬಿ)

ಉತ್ತರ: ಎರಡಕ್ಕೂ ಕಾರಣ ಇದೆ, ದೆವ್ವ ಬೇಡ.

ಮುಂದಿನ ಚಕ್ರ ಬಿಚ್ಚಿ ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡ್ ಒತ್ತುವ ಭಾಗ, ನೋಡಿ. ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಇದೆಯಾ, ಕೆಳಗಡೆ ಇದೆಯಾ? ಎಡ ಬಲ ಅದಲು ಬದಲಾಗಿ ಕೂತರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಹೋಗಿ ಕೂರುತ್ತದೆ, ನೀವು ಕೆಳಗಿನಿಂದ ಬರೀ ಎಣ್ಣೆ ತೆಗೆಯುತ್ತಿರುತ್ತೀರಿ. ನನಗಿದು ಹೇಗೆ ಗೊತ್ತು ಅಂದರೆ ನಾನೇ ಹಾಗೆ ಕೂರಿಸಿದ್ದೆ. ನನ್ನಾಕೆ ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಡ್ರೈವರ್ ಸೀಟಿನಲ್ಲಿ ಕೂತು, ನಾನು ಕೆಳಗಿನಿಂದ "ಒತ್ತು, ಬಿಡು, ಒತ್ತು" ಅಂದಾಗೆಲ್ಲ ಪೆಡಲ್ ತುಳಿದು ತುಳಿದು, ಎರಡು ಶನಿವಾರ ಒಂದು ಲೀಟರ್ ಬ್ರೇಕ್ ಆಯಿಲ್ ಖರ್ಚಾದ ಮೇಲೆ, "ಆ ಮೊಳೆ ತರದ್ದು ಈ ಕಡೆ ಯಾಕೆ ಕೆಳಗಿದೆ, ಕಾರ್ ಪುಸ್ತಕದ ಚಿತ್ರದಲ್ಲಿ ಮೇಲಿದೆಯಲ್ಲ" ಅಂತ ಅವಳೇ ಕೇಳಿದಳು. ಅದಲು ಬದಲು ಮಾಡಿದೆ, ಹತ್ತು ನಿಮಿಷದಲ್ಲಿ ಪೆಡಲ್ ಕಲ್ಲಿನ ಹಾಗಾಯಿತು. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ನಿಪ್ಪಲ್ ಸರಿ ಇದ್ದರೆ, ಮಾಸ್ಟರ್ ಸಿಲಿಂಡರಿಗೆ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ, ಬಕೆಟ್ ನೀರು ಪಕ್ಕದಲ್ಲಿರಲಿ.

ಲೈಟಿನ ವಿಷಯ. ಮಾಮೂಲಿ ಕಾರಿನಲ್ಲಿ ಬಾಡಿಯೇ ಅರ್ತ್. ನಿಮ್ಮ ಲೈಟು ಕೂತಿರುವುದು ಫೈಬರ್‌ಗ್ಲಾಸಿನ ಮಡ್‌ಗಾರ್ಡ್ ಮೇಲೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ಲೈಟಿಗೂ ಬೇರೆ ಅರ್ತ್ ವೈರು ಚಾಸಿಯವರೆಗೆ ಬರಬೇಕು. ಹಿಂದಿನವರು ಎಳೆದ ಆ ವೈರಿನ ತುದಿ ತುಕ್ಕು ಹಿಡಿದಿರುತ್ತದೆ. ಆಗ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಹೊಸ ತುದಿ ಹಾಕಿ, ಚಾಸಿಯ ಕೋಟಿಂಗ್ ಕೆರೆದು, ಹೊಳೆಯುವ ಲೋಹಕ್ಕೇ ಬಿಗಿಯಿರಿ.

ಪ್ರಶ್ನೆ: ನಮ್ಮವರು ಎರಡು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಗ್ಯಾರೇಜಿನಲ್ಲೇ. "ಇನ್ನೇನು ಮುಗೀತು" ಅನ್ನುತ್ತಾರೆ. ನಿಜವಾಗಿ ಯಾವಾಗ ಮುಗಿಯುತ್ತದೆ ಸರ್? (ಲೆಸ್ಟರ್‌ನಿಂದ ಒಬ್ಬ ಓದುಗರು)

ಉತ್ತರ: ತಾಯಿ, ಚಕ್ರ ಹಾಕಿದ ದಿನ ಅರ್ಧ ಮುಗಿದಿದೆ ಅಂದುಕೊಳ್ಳಿ. ವೈರಿಂಗ್ ಶುರುವಾಗಿಲ್ಲ ಅಂದರೆ ಮುಂದಿನ ಯುಗಾದಿಗೂ ನಂಬಬೇಡಿ. ಬಾಗಿಲು ತಟ್ಟಿ ಕಾಫಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಒಬ್ಬರೇ ಕಾರಿನ ಕೆಳಗಿದ್ದಾಗ ಯಾರಾದರೂ ಆಗಾಗ ಇಣುಕುವುದು ಒಳ್ಳೆಯದೇ.

ಪ್ರಶ್ನೆ: ಕ್ರಾಸ್‌ಫ್ಲೋ ಎಂಜಿನ್ ಬಿಚ್ಚಿ ಹೊಸ ಕ್ಯಾಮ್‌ಶಾಫ್ಟ್, ರಿಂಗ್ ಹಾಕಿಸಿದ್ದೇನೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಿಕೊಳ್ಳಬೇಕು? (ರೀಡಿಂಗ್)

ಉತ್ತರ: ಮೊದಲು ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಪೆಟ್ರೋಲೂ ಇಗ್ನಿಷನ್ನೂ ಬಂದ್ ಮಾಡಿ ಸ್ಟಾರ್ಟರ್ ತಿರುಗಿಸಿ, ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ. ಮುಳ್ಳು ಏಳದೆ ಎಂಜಿನ್ ಸ್ಟಾರ್ಟ್ ಮಾಡಿದರೆ ಬೇರಿಂಗ್ ದುಡ್ಡು ನೀರು ಪಾಲು. ಪ್ಲಗ್ ವೈರುಗಳ ಸರದಿ 1-2-4-3. ಬೇರೆ ಎಷ್ಟೋ ಎಂಜಿನ್‌ಗಳ 1-3-4-2 ಅಭ್ಯಾಸದಲ್ಲಿ ಹಾಕಿದರೆ ಕಾರ್ಬುರೇಟರ್‌ನಿಂದ ಬೆಂಕಿ ಉಗುಳುತ್ತದೆ.

ಸ್ಟಾರ್ಟ್ ಆದ ಕೂಡಲೇ ಖುಷಿಗೆ ಐಡ್ಲಿಂಗ್‌ನಲ್ಲಿ ಬಿಟ್ಟು ಫೋನಿನಲ್ಲಿ ವಿಡಿಯೋ ತೆಗೆಯಬೇಡಿ. ವಾಲ್ವ್‌ಗಳನ್ನು ತೆರೆಯುವ ಆ ಹೊಸ ಕ್ಯಾಮ್‌ಶಾಫ್ಟ್‌ಗೆ ನಿಧಾನದ ಓಟವೇ ಶತ್ರು. ಇಪ್ಪತ್ತು ನಿಮಿಷ 2000ದಿಂದ 2500 ಆರ್‌ಪಿಎಮ್‌ನಲ್ಲಿ ಓಡಿಸಿ. ಮೊದಲೇ ರೇಡಿಯೇಟರ್ ಫ್ಯಾನು ತಿರುಗುತ್ತದಾ ನೋಡಿಕೊಳ್ಳಿ, ಗ್ಯಾರೇಜ್ ಬಾಗಿಲು ತೆಗೆದಿಡಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿ. 2021ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾಮೂಲಿ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್ ತನಕ ಎಥನಾಲ್ ಇದೆ, ಹಳೆಯ ರಬ್ಬರು ಅದಕ್ಕೆ ಬಿರುಕು ಬಿಡುತ್ತದೆ. ಆರ್9 ಅಂತ ಅಚ್ಚಾಗಿರುವ ಪೈಪು ಕೇಳಿ. ನಮ್ಮಲ್ಲಿ ಇಪ್ಪತ್ತು ಪರ್ಸೆಂಟ್ ಪೆಟ್ರೋಲ್ ಬಂದ ಮೇಲೆ ಹಳೆಯ ಸ್ಕೂಟರ್ ಇಟ್ಟುಕೊಂಡವರಿಗೂ ಇದೇ ಮಾತು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದ್ತಾ ಇದ್ದೀನಿ. ಮಾರುತಿ 800 ಎಂಜಿನ್ ಹಾಕಿ ಇಂಥದ್ದೇ ಕಾರು ಕಟ್ಟಿ ರಿಜಿಸ್ಟರ್ ಮಾಡಿಸಬಹುದಾ ಸರ್?

ಉತ್ತರ: ಕಟ್ಟಬಹುದು ತಮ್ಮಾ, ರಸ್ತೆಗೆ ಇಳಿಸುವುದು ಕಷ್ಟ. ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರಿಗೂ ಐವಿಎ ಅಂತ ಪರೀಕ್ಷೆ ಇದೆ. ಅವರು ಎಷ್ಟು ಸೂಕ್ಷ್ಮ ಅಂದರೆ, ಹೊರಗೆ ತಾಗುವ ಅಂಚುಗಳೆಲ್ಲ ಕನಿಷ್ಠ 2.5 ಮಿ.ಮೀ. ತ್ರಿಜ್ಯದಲ್ಲಿ ದುಂಡಗಿರಬೇಕು. ಅದಕ್ಕೇ ಪರೀಕ್ಷೆಯ ದಿನ ಕಾರಿನ ಬೋಲ್ಟುಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ, ಅಂಚಿಗೆಲ್ಲ ರಬ್ಬರ್ ಪಟ್ಟಿ. ನಮ್ಮಲ್ಲಿ ಹೊಸ ಮಾದರಿಗೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಿಸುವ ಸಂಸ್ಥೆಯಿಂದ ಒಪ್ಪಿಗೆ ಬೇಕು, ಅದು ಕಂಪನಿಗಳಿಗೆ ಮಾಡಿದ ದಾರಿ. ಹಳೆಯ 800ರ ಆರ್‌ಸಿ ಇಟ್ಟುಕೊಂಡು ಬಾಡಿ ಬದಲಾಯಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ.

ಆದರೂ ಕೈ ಬಿಡಬೇಡ. ಕಾಲೇಜುಗಳ ಹುಡುಗರು ತಂಡ ಕಟ್ಟಿ ಒಂದು ಸೀಟಿನ ರೇಸ್ ಕಾರು ಮಾಡಿ ಸ್ಪರ್ಧೆಗೆ ಹೋಗುತ್ತಾರಲ್ಲ, ಮೊದಲು ಅಲ್ಲಿ ಸೇರು. ಅದು ಟ್ರ್ಯಾಕಿನಲ್ಲಿ ಓಡುವ ಗಾಡಿ, ಆರ್‌ಟಿಒ ಪ್ರಶ್ನೆಯೇ ಇಲ್ಲ. ಪೈಪು ಕತ್ತರಿಸಿ ವೆಲ್ಡ್ ಮಾಡುವುದು ಅಲ್ಲೇ ಕಲಿಯುತ್ತೀಯ. ನಿನ್ನ ಚಾಸಿ ಚಿತ್ರ ಕಳಿಸು, ಮುಂದಿನ ತಿಂಗಳು ನೋಡೋಣ. ಕಳಿಸುವಾಗ ಅಳತೆಗಳನ್ನು ಮಿಲಿಮೀಟರ್‌ನಲ್ಲೇ ಬರೆ, ಇಂಚು ನೋಡಿ ನೋಡಿ ನನಗೆ ಸಾಕಾಗಿದೆ.