ಕಿವಿ ಕೇಳಿಸದ ಬಾಲಣ್ಣ ಮಾತು ತಪ್ಪದ್ದು ಹೇಗೆ?

ಹಾಸನ ಜಿಲ್ಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎನ್ನುತ್ತಾರೆ. ನಿಜವೇ? ನಿಜವಾದರೆ, ಎದುರಿನವರ ಮಾತಿಗೆ ಅಷ್ಟು ಕರಾರುವಾಕ್ಕಾಗಿ ಉತ್ತರ ಕೊಡುತ್ತಿದ್ದದ್ದು ಹೇಗೆ? ನಮ್ಮ ಶಾಲೆಯ ನಾಟಕದಲ್ಲಿ ಕಿವಿ ಮಂದವಿರುವ ಹುಡುಗಿಯೊಬ್ಬಳಿಗೆ ಪಾತ್ರ ಕೊಡಬೇಕೆಂದಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ. ಅವರ ವೃತ್ತಿಯ ಬಗ್ಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಗಳಿದ್ದರೆ ಅವನ್ನೂ ತಿಳಿಸಿ.’

ಸಂಪಾದಕರ ಉತ್ತರ:

ನಿಜ. ಟಿ.ಎನ್. ಬಾಲಕೃಷ್ಣ, ಅಂದರೆ ನಮ್ಮೆಲ್ಲರ ಬಾಲಣ್ಣ, ಶ್ರವಣದೋಷವಿದ್ದ ನಟ. ಅರಸೀಕೆರೆಯವರು, ಹಾಗಾಗಿ ನಿಮ್ಮ ಜಿಲ್ಲೆಯವರೇ. ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿ ಪಳಗಿದವರು 1943ರಲ್ಲಿ ‘ರಾಧಾರಮಣ’ದ ಮೂಲಕ ಸಿನಿಮಾಕ್ಕೆ ಬಂದರು. ನಟಿ ಎಂ.ವಿ. ರಾಜಮ್ಮ ನಿರ್ಮಿಸಿದ ಆ ಚಿತ್ರವೇ ಜಿ.ವಿ. ಅಯ್ಯರ್ ಅವರಿಗೂ ಮೊದಲನೆಯದು. 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬಾಲಣ್ಣ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದರು.

ಎದುರಿನವರ ತುಟಿಯ ಚಲನೆ ನೋಡಿ ಅವರು ಮಾತು ಹಿಡಿಯುತ್ತಿದ್ದರು ಎಂಬುದು ಚಿತ್ರರಂಗದವರೆಲ್ಲ ಹೇಳುವ ಮಾತು. ಅದು ಸರಿ, ಆದರೆ ಅರ್ಧ ಉತ್ತರ. ಕನ್ನಡದಲ್ಲಿ ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಕೂಡಿ ತೆರೆಯುತ್ತದೆ. ‘ಪಾಲು’ ಅಂದರೋ ‘ಮಾಲು’ ಅಂದರೋ ನೋಡಿ ಹೇಳಲಾಗದು. ಕ, ಗ, ಹ ಬಾಯಿಯ ಹಿಂಭಾಗದಲ್ಲಿ, ಗಂಟಲಲ್ಲಿ ಹುಟ್ಟುವ ಅಕ್ಷರಗಳು, ಹೊರಗೆ ಏನೂ ಕಾಣುವುದಿಲ್ಲ. ಹೀಗಾಗಿ ಎಷ್ಟೇ ಚುರುಕು ಕಣ್ಣಿದ್ದರೂ, ಮುಂದೆ ಬರಬೇಕಾದ ಮಾತು ಯಾವುದು ಎಂದು ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಎದುರಿನವರು ಆ ಮಾತಿನಲ್ಲಿ ಎಲ್ಲಿದ್ದಾರೆ, ಮಾತು ಎಲ್ಲಿ ಮುಗಿಯಿತು ಎಂಬುದನ್ನು ತುಟಿ ತೋರಿಸಿಕೊಡುತ್ತದೆ. ಬಾಲಣ್ಣನಂಥ ನಟನಿಗೆ ತನ್ನ ಪಾತ್ರವಷ್ಟೇ ಬಾಯಿಪಾಠವಾದರೆ ಸಾಲದು, ಎದುರಿನ ಪಾತ್ರವೂ ಬಾಯಿಪಾಠವಾಗಿರಬೇಕು.

ಕಂಪನಿ ನಾಟಕದ ಪದ್ಧತಿ ಇಲ್ಲಿ ನೆರವಿಗೆ ಬರುವಂಥದ್ದು. ಅಲ್ಲಿ ಒಂದೇ ನಾಟಕ ಒಂದೇ ಕ್ಯಾಂಪಿನಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಯಾರಿಗಾದರೂ ಜ್ವರ ಬಂದರೆ ಇನ್ನೊಬ್ಬ ಅದೇ ರಾತ್ರಿ ಆ ಪಾತ್ರಕ್ಕೆ ಬಣ್ಣ ಹಚ್ಚಬೇಕು. ಆದ್ದರಿಂದ ಕಂಪನಿಯಲ್ಲಿ ನೆಲೆ ನಿಂತ ನಟರಿಗೆ ಇಡೀ ನಾಟಕವೇ ನಾಲಿಗೆಯ ಮೇಲಿರುತ್ತಿತ್ತು. ಸೈಡ್ ವಿಂಗಿನಲ್ಲಿ ನಿಂತು ಪಿಸುದನಿಯಲ್ಲಿ ಮಾತು ಎತ್ತಿಕೊಡುವ ಪ್ರಾಂಪ್ಟರ್, ಕಿವಿ ಕೇಳಿಸದವನಿಗೆ ಇದ್ದೂ ಇಲ್ಲದಂತೆ. ಇನ್ನೂ ದೊಡ್ಡ ಅಪಾಯ ಆಶುಮಾತಿನದು. ಕಂಪನಿ ನಾಟಕದ ಹಾಸ್ಯದಲ್ಲಿ ಆ ಊರಿನ, ಆ ದಿನದ ಸಂಗತಿ ಸೇರಿಸುವುದು ರೂಢಿ. ಎದುರಿನವ ಹಾಗೆ ದಾರಿ ಬಿಟ್ಟ ಕ್ಷಣ, ತುಟಿ ಮಾತ್ರ ನೋಡುತ್ತಿರುವವನಿಗೆ ಎಳೆ ತಪ್ಪುತ್ತದೆ. ಹಾಸ್ಯನಟನಾಗಿ ಇಂಥ ರಂಗದಲ್ಲಿ ಗಟ್ಟಿಯಾಗಿ ನಿಂತದ್ದೇ ಬಾಲಣ್ಣನ ದೊಡ್ಡ ಸಾಧನೆ ಎಂಬುದು ನಮ್ಮ ಅಭಿಪ್ರಾಯ. ಸಿನಿಮಾ ಆಮೇಲಿನದು.

ಸಿನಿಮಾದಲ್ಲಿ ಕಷ್ಟದ ರೂಪ ಬೇರೆ. ಆಗ ಸ್ಟುಡಿಯೊದೊಳಗಿನ ದೃಶ್ಯಗಳಲ್ಲಿ ಮಾತನ್ನು ಚಿತ್ರೀಕರಣದ ಜತೆಗೇ ಮುದ್ರಿಸಿಕೊಳ್ಳುತ್ತಿದ್ದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದರೆ ಆ ಶಾಟ್ ಕೆಟ್ಟಂತೆ, ಫಿಲ್ಮ್ ದುಬಾರಿ. ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಶಾಟ್‌ನಲ್ಲಿ ತೊಂದರೆಯಿಲ್ಲ, ಇಬ್ಬರೂ ಎದುರುಬದುರು ಇರುತ್ತಾರೆ. ಇಬ್ಬರೂ ಅಕ್ಕಪಕ್ಕ ನಿಂತು ಕ್ಯಾಮೆರಾ ಕಡೆ ಮುಖ ಮಾಡಿದರೆ ತುಟಿ ಕಾಣದು. ಪೌರಾಣಿಕ ಚಿತ್ರಗಳ ದಟ್ಟ ಗಡ್ಡ ಮೀಸೆ ಇನ್ನೊಂದು ಅಡ್ಡಿ. ಇಂಥ ಕಡೆ ತುಟಿಯ ಬದಲು ಎದುರಿನವರ ಕೈಸನ್ನೆಯೋ, ಒಂದು ಹೆಜ್ಜೆ ಮುಂದಿಡುವುದೋ ಗುರುತಾಗಬೇಕು.

ಚಿತ್ರೀಕರಣದ ನಂತರ ಮಾತು ಸೇರಿಸುವ ಡಬ್ಬಿಂಗ್ ಇನ್ನೂ ಸೂಕ್ಷ್ಮ. ಹಳೆಯ ವಿಧಾನದಲ್ಲಿ ಒಂದು ಮಾತಿನಷ್ಟು ಉದ್ದದ ಫಿಲ್ಮ್ ತುಂಡಿನ ಎರಡೂ ತುದಿ ಅಂಟಿಸಿ, ಅದನ್ನೇ ಮತ್ತೆ ಮತ್ತೆ ಪರದೆಗೆ ಬಿಡುತ್ತಿದ್ದರು. 35 ಎಂ.ಎಂ. ಫಿಲ್ಮ್ ಸೆಕೆಂಡಿಗೆ 24 ಫ್ರೇಮು ಓಡುತ್ತದೆ. ಮೂರು ನಾಲ್ಕು ಫ್ರೇಮು ಹಿಂದೆ ಮುಂದೆ ಆದರೂ ತುಟಿಗೂ ಮಾತಿಗೂ ಹೊಂದುವುದಿಲ್ಲ. ಕಿವಿ ಕೇಳಿಸುವವರು ಹೆಡ್‌ಫೋನಿನಲ್ಲಿ ಮೂಲ ಧ್ವನಿ ಕೇಳಿಕೊಂಡು ಮಾತು ಎತ್ತುತ್ತಾರೆ. ಕೇಳಿಸದವರಿಗೆ ಪರದೆಯೇ ಆಧಾರ. ಮಾತು ಶುರುವಾಗುವ ಮುನ್ನ ಫಿಲ್ಮಿನ ಮೇಲೆ ಓರೆಗೆರೆ ಎಳೆದಿದ್ದರೆ ಅದು ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿದು, ಅಂಚು ಮುಟ್ಟಿದಾಗ ಬಾಯಿ ತೆರೆಯಬೇಕೆಂದು ತಿಳಿಯುತ್ತದೆ. ಪಕ್ಕದಲ್ಲಿ ನಿಂತವರು ಭುಜ ತಟ್ಟುವುದೂ ಉಂಟು, ಆದರೆ ತಟ್ಟುವವರ ಕೈ ಅರೆಗಳಿಗೆ ತಡವಾದರೆ ಮಾತೂ ಅಷ್ಟೇ ತಡವಾಗುತ್ತದೆ.

1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಒಮ್ಮೆ ಧ್ವನಿ ನಿಲ್ಲಿಸಿ ನೋಡಿ. ರಾಜ್‌ಕುಮಾರ್ ಮಾತಾಡುವಾಗ ಬಾಲಣ್ಣನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಗಮನಿಸಿ. ನಮಗೆ ಅದು ಹಿರಿಯನೊಬ್ಬನ ಅಕ್ಕರೆಯ ನೋಟವಾಗಿ ಕಾಣುತ್ತದೆ. ಎದುರಿನವರನ್ನು ಪೂರ್ತಿ ಗಮನಿಸುವ ನಟರು ಕಡಿಮೆ. ತಮ್ಮ ಸರದಿಗೆ ಕಾಯುವವರೇ ಹೆಚ್ಚು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಕೇಳಿದಿರಿ. ಕನ್ನಡ ಚಿತ್ರರಂಗದಲ್ಲಿ ಕೆಲಸವೇ ಇಲ್ಲದ ಕಾಲದಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರ ಜತೆ ಸೇರಿ ಕಲಾವಿದರ ಸಂಘ ಕಟ್ಟಿದ ನಾಲ್ವರಲ್ಲಿ ಬಾಲಣ್ಣ ಒಬ್ಬರು. ಊರೂರು ಸುತ್ತಿ ನಾಟಕವಾಡಿದರು. 1960ರ ‘ರಣಧೀರ ಕಂಠೀರವ’ ಈ ಸಂಘದ ನಿರ್ಮಾಣ. ಮುಂದೆ ಸರ್ಕಾರ ಕೊಟ್ಟ 20 ಎಕರೆ ಜಾಗದಲ್ಲಿ, ಬೆಂಗಳೂರಿನ ಕೆಂಗೇರಿ ಬಳಿ, ಅವರು ಅಭಿಮಾನ್ ಸ್ಟುಡಿಯೊ ಕಟ್ಟಿದರು. ಕನ್ನಡ ಚಿತ್ರಗಳ ಹೆಚ್ಚಿನ ಕೆಲಸ ಮದ್ರಾಸಿನಲ್ಲೇ ನಡೆಯುತ್ತಿದ್ದ ದಿನಗಳಲ್ಲಿ ಒಬ್ಬ ಪೋಷಕ ನಟ ಇಂಥ ಭಾರ ಹೊತ್ತದ್ದು ಸಣ್ಣ ಮಾತಲ್ಲ.

ಇನ್ನು ನಿಮ್ಮ ಹುಡುಗಿಯ ವಿಷಯ. ಅವಳಿಗೆ ಅವಳ ಮಾತಷ್ಟನ್ನೇ ಬರೆದುಕೊಡಬೇಡಿ, ಇಡೀ ದೃಶ್ಯದ ಪ್ರತಿ ಕೊಡಿ. ಮೊದಲ ವಾರ ಎದುರಿನ ಪಾತ್ರದ ಮಾತನ್ನೂ ಅವಳಿಂದಲೇ ಓದಿಸಿ. ಅವಳ ಜತೆ ನಟಿಸುವ ಮಕ್ಕಳು ಸಹಜವಾಗಿಯೇ ಮಾತಾಡಲಿ; ಬಾಯಿ ಅಗಲಿಸಿ ಎಳೆದು ಮಾತಾಡಿದರೆ ತುಟಿಯ ಆಕಾರವೇ ಕೆಟ್ಟು ಇನ್ನಷ್ಟು ಕಷ್ಟವಾಗುತ್ತದೆ. ಬೆಳಕು ಮಾತಾಡುವವರ ಮುಖದ ಮೇಲೆ ಮುಂದಿನಿಂದ ಬೀಳಬೇಕು, ಹಿಂದಿನಿಂದ ಬಿದ್ದರೆ ಮುಖ ಕಪ್ಪಾಗುತ್ತದೆ. ಅವಳ ಪ್ರತಿ ಮಾತಿಗೂ ಮುನ್ನ ಕಣ್ಣಿಗೆ ಕಾಣುವ ಒಂದು ಗುರುತು ಇರಲಿ: ಲೋಟ ಕೆಳಗಿಡುವುದು, ತಿರುಗಿ ನಿಲ್ಲುವುದು, ಏನಾದರೂ ಸರಿ, ಕಥೆಗೆ ಹೊಂದಬೇಕು. ತನ್ನ ದನಿ ಎಷ್ಟು ಎತ್ತರ ಹೋಗುತ್ತಿದೆ ಎಂದು ಅವಳಿಗೆ ತಿಳಿಯದಿದ್ದರೆ ಅಂಗೈಯನ್ನು ಎದೆಯ ಮೇಲಿಟ್ಟು ಕಂಪನ ಗುರುತಿಸಲು ಕಲಿಸಿ; ಸಭಾಂಗಣದ ಕೊನೆಯ ಸಾಲಿನಲ್ಲಿ ಒಬ್ಬರು ನಿಂತು ಸಾಕು, ಇನ್ನೂ ಬೇಕು ಎಂದು ಕೈಯಲ್ಲಿ ತೋರಿಸಲಿ. ಪ್ರದರ್ಶನದ ದಿನ ಯಾವ ಮಗುವೂ ಹೊಸ ಮಾತು ಸೇರಿಸದಂತೆ ಕಟ್ಟುನಿಟ್ಟಾಗಿ ಹೇಳಿ. ಯಾರಾದರೂ ಮಾತು ಮರೆತರೆ ಏನು ಮಾಡಬೇಕೆಂಬುದನ್ನೂ ಮೊದಲೇ ಅಭ್ಯಾಸ ಮಾಡಿಸಿ, ಏಕೆಂದರೆ ಆ ಹೊತ್ತಿಗೆ ಇಡೀ ದೃಶ್ಯ ಬಾಯಿಪಾಠವಿರುವುದು ಬಹುಶಃ ಅವಳೊಬ್ಬಳಿಗೇ.