ದಿಕ್ಸೂಚಿ ಭಾಷಣ: ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲದ ವಿಷಯ: ಮಾಹಿತಿ ತಂತ್ರಜ್ಞಾನ ಸಮ್ಮೇಳನ

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಜುಲೈ ತಿಂಗಳಿಗೆ ಒಂದು ದಿನದ ಐಟಿ ಸಮ್ಮೇಳನ ಇಟ್ಟುಕೊಂಡಿದ್ದೇವೆ. 200 ವಿದ್ಯಾರ್ಥಿಗಳು ಸೇರುತ್ತಾರೆ. ದಿಕ್ಸೂಚಿ ಭಾಷಣಕ್ಕೆ ಬೆಂಗಳೂರಿನ ದೊಡ್ಡ ಹೆಸರೇ ಬೇಕೆಂದು ಸಮಿತಿಯಲ್ಲಿ ಒತ್ತಾಯ. ಹೇಗೆ ಆರಿಸುವುದು?
— ಅಧ್ಯಾಪಕಿ, ಬದಿಯಡ್ಕ

ಉತ್ತರ: ಹೆಸರನ್ನು ಆಮೇಲೆ ಹುಡುಕಿ, ಮೊದಲು ಪ್ರಶ್ನೆ ಹುಡುಕಿ. ದಿಕ್ಸೂಚಿ ಭಾಷಣಕ್ಕೆ ಇಂಗ್ಲಿಷಿನಲ್ಲಿ ಹೇಳುವ ಕೀನೋಟ್ ಎಂಬ ಮಾತು ಸಂಗೀತದಿಂದ ಬಂದದ್ದು. ಅದರ ಅರ್ಥ ಆಧಾರ ಸ್ವರ. ಭಾಗವತರು ಪದ ಎತ್ತುವ ಮೊದಲು ಶ್ರುತಿ ಹಿಡಿಯುವ ಹಾಗೆ, ಇಡೀ ದಿನದ ಗೋಷ್ಠಿಗಳಿಗೆ ಈ ಭಾಷಣ ಶ್ರುತಿ ಕೊಡಬೇಕು. ಅದಕ್ಕೆ ಸಮಿತಿಯವರು ಕೂತು ಒಂದೇ ವಾಕ್ಯದ ಪ್ರಶ್ನೆಯೊಂದನ್ನು ಬರೆಯಲಿ. 'ಕೃತಕ ಬುದ್ಧಿಮತ್ತೆ: ಅವಕಾಶ ಮತ್ತು ಸವಾಲು' ಎಂಬುದು ಬ್ಯಾನರಿನ ಸಾಲು, ಪ್ರಶ್ನೆಯಲ್ಲ. 'ಫೋನಿನಲ್ಲಿ ತೆಗೆದ ಗರಿಯ ಚಿತ್ರ ನೋಡಿ ತೆಂಗಿನ ರೋಗ ಗುರುತಿಸಲು ಎಂಥ ಚಿತ್ರಗಳು ಬೇಕು, ಯಂತ್ರ ಎಲ್ಲಿ ತಪ್ಪುತ್ತದೆ?' ಎಂಬುದು ಪ್ರಶ್ನೆ. ಹೀಗೆ ಬರೆದ ಕೂಡಲೇ ಭಾಷಣಕಾರರು ಹತ್ತಿರದಲ್ಲೇ ಕಾಣಿಸತೊಡಗುತ್ತಾರೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಕಾಸರಗೋಡಿನಲ್ಲೇ ಇದೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವಿದೆ.

ಒಪ್ಪಿಗೆ ಕೇಳುವ ಮೊದಲು ಅವರ ಹಿಂದಿನ ಭಾಷಣದ ವಿಡಿಯೊ ಸಿಕ್ಕಿದರೆ ನಡುವಿನ ಹತ್ತು ನಿಮಿಷ ಕೇಳಿ. ಆರಂಭ ಎಲ್ಲರದ್ದೂ ಚೆನ್ನಾಗಿರುತ್ತದೆ. ಕಷ್ಟದ ವಿಷಯವನ್ನು ಬಿಡಿಸಿ ಹೇಳುವ ಶಕ್ತಿ ನಡುವಿನಲ್ಲಿ ತಿಳಿಯುತ್ತದೆ. ಆಮಂತ್ರಣವನ್ನು 10ರಿಂದ 12 ವಾರ ಮೊದಲು ಕಳಿಸಿ. ಸರ್ಕಾರಿ ಸಂಸ್ಥೆಯವರಾದರೆ ಮೇಲಧಿಕಾರಿಯ ಅನುಮತಿ ಬೇಕಾಗುತ್ತದೆ, ಪತ್ರವನ್ನು ಸಂಸ್ಥೆಯ ಮುಖ್ಯಸ್ಥರಿಗೂ ಬರೆಯಿರಿ. ಕೇಳುವವರು ಯಾವ ಸೆಮಿಸ್ಟರಿನವರು, ಅವರಿಗೆ ಈಗಾಗಲೇ ಏನು ಗೊತ್ತು, ಸಭೆಯ ಭಾಷೆಗಳು ಯಾವುವು, ಮಾತಿಗೆ ಎಷ್ಟು ನಿಮಿಷ, ಪ್ರಶ್ನೆಗೆ ಎಷ್ಟು ನಿಮಿಷ ಎಂಬುದೆಲ್ಲ ಆ ಪತ್ರದಲ್ಲೇ ಇರಬೇಕು. ಬಹುಪಾಲು ಭಾಷಣ ಸೋಲುವುದು ಭಾಷಣಕಾರರಿಗೆ ವಿಷಯ ಗೊತ್ತಿಲ್ಲದೆ ಅಲ್ಲ, ಎದುರು ಕೂತವರು ಯಾರೆಂದು ಅವರಿಗೆ ಯಾರೂ ಹೇಳದೆ.

ಜುಲೈ ಎಂದಿರಿ. ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ ನಿಜ, ಆದರೆ ಆಟಿಯ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಗುಡ್ಡ ಜರಿದರೆ ಅದು ಬರುವುದೇ ಇಲ್ಲ. ಅತಿಥಿಯನ್ನು ಹಿಂದಿನ ದಿನವೇ ಕರೆಸಿಕೊಳ್ಳಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಧ್ವನಿ ಮಿಕ್ಸರ್ ಮೂರನ್ನೂ ಯುಪಿಎಸ್‌ಗೆ ಜೋಡಿಸಿ. ಕರೆಂಟು ಹೋಗಿ ಜನರೇಟರ್ ಹತ್ತುವ ಅರೆಗಳಿಗೆಯಲ್ಲಿ ಬಲ್ಬಿನ ಪ್ರೊಜೆಕ್ಟರ್ ಆರಿದರೆ, ಬಲ್ಬು ತಣಿದು ಮತ್ತೆ ಬೆಳಗಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಸಭೆ ಚದುರುತ್ತದೆ.

ಪ್ರಶ್ನೆ: ನಮ್ಮಲ್ಲಿ ಅರ್ಧ ಮಕ್ಕಳು ಕನ್ನಡ ಮಾಧ್ಯಮದವರು, ಅರ್ಧ ಮಲಯಾಳ ಮಾಧ್ಯಮದವರು. ಬರೀ ಇಂಗ್ಲಿಷ್ ಭಾಷಣ ಇಬ್ಬರಿಗೂ ಪೂರ್ತಿ ಮುಟ್ಟುವುದಿಲ್ಲ. ಅನುವಾದಕರನ್ನು ನಿಲ್ಲಿಸೋಣವೇ?
— ಸಂಘಟಕರು, ಕುಂಬಳೆ

ಉತ್ತರ: ವಾಕ್ಯಕ್ಕೆ ವಾಕ್ಯ ಅನುವಾದ ಬೇಡ. 40 ನಿಮಿಷದ ಮಾತಿನಲ್ಲಿ 20 ನಿಮಿಷದ ವಿಷಯವಷ್ಟೇ ಉಳಿಯುತ್ತದೆ, ಮಾತಿನ ಓಟವೂ ಕಡಿಯುತ್ತದೆ. ಭಾಷಣಕಾರರು ತಮಗೆ ಹೆಚ್ಚು ಒಗ್ಗಿದ ಭಾಷೆಯಲ್ಲಿ ನಿಧಾನವಾಗಿ ಮಾತಾಡಲಿ. ಸ್ಲೈಡಿನ ತಲೆಬರಹ ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿರಲಿ. ಭಾಷಣದಲ್ಲಿ ಮತ್ತೆ ಮತ್ತೆ ಬರುವ 15–20 ಪದಗಳನ್ನು ಎರಡೂ ಭಾಷೆಯ ವಿವರಣೆಯೊಂದಿಗೆ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಡಿ. ಸರ್ವರ್, ಡೇಟಾಬೇಸ್, ಪಾಸ್‌ವರ್ಡ್ ಹಾಗೆಯೇ ಇರಲಿ. ಹೊಸ ಸಂಸ್ಕೃತ ಪದ ಕಟ್ಟಿದರೆ ಎರಡು ಸಲ ವಿವರಿಸಬೇಕಾಗುತ್ತದೆ. ಪ್ರಶ್ನೆಯನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಲು ಸ್ಪಷ್ಟವಾಗಿ ಅವಕಾಶ ಕೊಡಿ, ನಿರೂಪಕರು ಅದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಲಿ. ಮನೆಮಾತಿನಲ್ಲಿ ಕೇಳಬಹುದು ಎಂದು ಗೊತ್ತಾದರೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಪ್ರಶ್ನೆ: ಮನೆಯಲ್ಲಿ ಸರಿಯಾಗಿದ್ದ ಕನ್ನಡ ಸ್ಲೈಡುಗಳು ಸಭಾಂಗಣದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾದವು. ಯಾಕೆ ಹೀಗೆ?
— ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ನೀವು ಬಳಸಿದ್ದು ಯೂನಿಕೋಡ್‌ಗಿಂತ ಹಿಂದಿನ ಕಾಲದ ಫಾಂಟ್ ಇರಬೇಕು. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಜಾಗತಿಕ ಕ್ರಮ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತ ಬತ್ತಲಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶದಿಂದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವೊತ್ತು ಮತ್ತು ಎರಡೆರಡು ಒತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಪರಿವರ್ತನೆ ತಪ್ಪುವುದು ಅಲ್ಲೇ. ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಸಾಕು. ಪವರ್‌ಪಾಯಿಂಟಿನ ಫೈಲ್ ಮೆನುವಿನಲ್ಲಿ ಆಪ್ಷನ್ಸ್, ಅದರೊಳಗೆ ಸೇವ್ ಎಂಬಲ್ಲಿಗೆ ಹೋಗಿ, ಫಾಂಟನ್ನು ಕಡತದಲ್ಲೇ ಸೇರಿಸುವ ಆಯ್ಕೆಗೆ ಗುರುತು ಹಾಕಿ. ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಇರಲೇಬೇಕು.

ಅಕ್ಷರದ ಗಾತ್ರ 28ಕ್ಕಿಂತ ಕೆಳಗೆ ಇಳಿಯಬಾರದು. ಸಾಲುಗಳ ಅಂತರ 1.2ರಿಂದ 1.3 ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಭಾಂಗಣದ ಪ್ರೊಜೆಕ್ಟರ್ ಹಳೆಯದೇ ಎಂದು ಮೊದಲೇ ಕೇಳಿಕೊಳ್ಳಿ: 16:9 ಅಳತೆಯ ಸ್ಲೈಡನ್ನು 4:3 ಪರದೆಗೆ ಹಾಕಿದರೆ ಪರದೆಯ ಕಾಲು ಭಾಗ ಕಪ್ಪಾಗಿ ವ್ಯರ್ಥವಾಗುತ್ತದೆ. ಅಂಥ ಯಂತ್ರಕ್ಕೆ ವಿಜಿಎ ಎಂಬ ಹಳೆಯ ಬಗೆಯ ತಂತಿಯೇ ಇರುವುದು ಹೆಚ್ಚು, ಹೊಸ ಲ್ಯಾಪ್‌ಟಾಪಿನಲ್ಲಿ ಅದರ ಕಿಂಡಿ ಇರುವುದಿಲ್ಲ. ಅಡಾಪ್ಟರ್ ನಿಮ್ಮ ಚೀಲದಲ್ಲಿರಲಿ.

ಪ್ರಶ್ನೆ: ಕ್ಯಾಲಿಫೋರ್ನಿಯದಲ್ಲಿರುವ ನಮ್ಮೂರಿನವರೊಬ್ಬರು ಆನ್‌ಲೈನಿನಲ್ಲಿ ದಿಕ್ಸೂಚಿ ಭಾಷಣ ಮಾಡಲು ಒಪ್ಪಿದ್ದಾರೆ. ಯಾವುದಕ್ಕೆ ಎಚ್ಚರ ವಹಿಸಬೇಕು?
— ಉಪ್ಪಳ

ಉತ್ತರ: ಗಂಟೆಗೆ, ಮತ್ತೆ ಮಾರ್ದನಿಗೆ. ನಮ್ಮ ಬೆಳಿಗ್ಗೆ 10 ಗಂಟೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9.30, ಚಳಿಗಾಲದಲ್ಲಿ 8.30. ಅಲ್ಲಿನ ಗಡಿಯಾರ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಬದಲಾಗುತ್ತದೆ. ಆಮಂತ್ರಣದಲ್ಲಿ ಎರಡೂ ಊರಿನ ದಿನಾಂಕ, ಗಂಟೆ ಬರೆಯಿರಿ.

ಮಾರ್ದನಿ ಹುಟ್ಟುವುದು ಹೀಗೆ: ಅವರ ದನಿ ಸಭಾಂಗಣದ ಸ್ಪೀಕರಿನಿಂದ ಹೊರಟು ವೇದಿಕೆಯ ಮೈಕಿಗೆ ಹೊಕ್ಕು ಅವರಿಗೇ ಮರಳಿ ಕೇಳಿಸುತ್ತದೆ. ತಮ್ಮದೇ ಮಾತು ತಡವಾಗಿ ಕಿವಿಗೆ ಬಿದ್ದರೆ ಯಾರಿಗಾದರೂ ನಾಲಿಗೆ ತೊಡರುತ್ತದೆ. ಅವರು ಮಾತಾಡುವಾಗ ಸಭೆಯ ಮೈಕುಗಳೆಲ್ಲ ಬಂದ್ ಇರಲಿ. ಪ್ರಶ್ನೋತ್ತರಕ್ಕೆ, ಆರಿಸಿದ ದನಿಯನ್ನಷ್ಟೇ ಹೊರಗೆ ಕಳಿಸುವ ಮಿಕ್ಸರಿನ ಕಿಂಡಿಯಾದ ಆಕ್ಸ್ ಔಟ್‌ನಿಂದ ಸಭೆಯ ಮೈಕಿನ ದನಿ ಮಾತ್ರ ಲ್ಯಾಪ್‌ಟಾಪಿಗೆ ಹೋಗಲಿ. ಲ್ಯಾಪ್‌ಟಾಪಿನಿಂದ ಬಂದದ್ದು ಅದೇ ದಾರಿಯಲ್ಲಿ ವಾಪಸು ಹೋಗದಂತೆ ಆ ಚಾನೆಲ್ಲಿನ ಆಕ್ಸ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ. 'ಗುಂಯ್' ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ತೊಂದರೆ ಅರ್ಥಿಂಗಿನದು, ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಆ ಸದ್ದು ತಡೆಯುವ ಡಿಐ ಬಾಕ್ಸ್ ಎಂಬ ಪೆಟ್ಟಿಗೆ ಹಾಕಿಸಿ. ಇಂಟರ್‌ನೆಟ್ ವೈಫೈಯಲ್ಲಿ ಬೇಡ, ತಂತಿಯಲ್ಲೇ ಬರಲಿ. ಬೇರೆ ಕಂಪನಿಯ ಸಿಮ್ ಇರುವ ಫೋನೊಂದು ಹಾಟ್‌ಸ್ಪಾಟಿಗೆ ಸಿದ್ಧವಿರಲಿ. ಭಾಷಣವನ್ನು ಮೊದಲೇ ಚಿತ್ರೀಕರಿಸಿದ ವಿಡಿಯೊವನ್ನು ಎರಡು ದಿನ ಮೊದಲೇ ತರಿಸಿಕೊಂಡರೆ ಸಂಪರ್ಕ ಪೂರ್ತಿ ಕಡಿದರೂ ಸಭೆ ನಡೆಯುತ್ತದೆ.

ಪ್ರಶ್ನೆ: ಭಾಷಣದ ನಡುವೆ ಯಂತ್ರವನ್ನು ನಡೆಸಿ ತೋರಿಸುವುದು ಒಳ್ಳೆಯದೇ?
— ಮುಳ್ಳೇರಿಯ

ಉತ್ತರ: ಒಳ್ಳೆಯದು, ಸಿದ್ಧತೆ ಇದ್ದರೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ 90 ನಿಮಿಷ ಮೌಸ್, ಒತ್ತಿದರೆ ಬೇರೆ ಪುಟಕ್ಕೆ ಒಯ್ಯುವ ಪಠ್ಯವಾದ ಹೈಪರ್‌ಟೆಕ್ಸ್ಟ್, ವಿಡಿಯೊ ಸಂಭಾಷಣೆಗಳನ್ನು ನಡೆಸಿ ತೋರಿಸಿದರು. ಕಂಪ್ಯೂಟರ್ ಇದ್ದದ್ದು ದೂರದ ಮೆನ್ಲೊ ಪಾರ್ಕಿನಲ್ಲಿ. ಚಿತ್ರ ತರಲು ಮೈಕ್ರೋವೇವ್ ಸಂಪರ್ಕವನ್ನೇ ಏರ್ಪಡಿಸಿದ್ದರು. ಇನ್ನೊಂದು ಕಡೆ, 1998ರ ಏಪ್ರಿಲ್ 20ರಂದು ಶಿಕಾಗೊದ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್‌ನಲ್ಲಿ ಬಿಲ್ ಗೇಟ್ಸ್ ವೇದಿಕೆಯಲ್ಲಿದ್ದಾಗಲೇ, ಸ್ಕ್ಯಾನರ್ ಜೋಡಿಸಿದ ತಕ್ಷಣ ವಿಂಡೋಸ್ 98 ಕುಸಿದು ನೀಲಿ ಪರದೆ ಬಂತು. ಹೊಸ ಸಾಧನ ಜೋಡಿಸುವ ಗಳಿಗೆ ಯಾವತ್ತೂ ಅಪಾಯದ್ದು, ಅದನ್ನು ವೇದಿಕೆ ಏರುವ ಮೊದಲೇ ಮುಗಿಸಿಕೊಳ್ಳಿ. ಪ್ರಾತ್ಯಕ್ಷಿಕೆ ಐದು ನಿಮಿಷ ಮೀರಬಾರದು, ಸಾಧ್ಯವಾದಷ್ಟೂ ಇಂಟರ್‌ನೆಟ್ ಬೇಡದಂತಿರಲಿ. ಅದೇ ಪ್ರಾತ್ಯಕ್ಷಿಕೆಯ ವಿಡಿಯೊ ಮುಂದಿನ ಸ್ಲೈಡಿನಲ್ಲೇ ಇರಲಿ.

ಪ್ರಶ್ನೆ: 10ಕ್ಕೆಂದು ಅಚ್ಚಾದ ಭಾಷಣ ಪ್ರತಿ ವರ್ಷ 12ಕ್ಕೆ ಶುರುವಾಗುತ್ತದೆ. ಪರಿಹಾರವೇನು?
— ಪೈವಳಿಕೆ

ಉತ್ತರ: ಪ್ರಾರ್ಥನೆ, ಎರಡು ನಿಮಿಷದ ಸ್ವಾಗತ, ದೀಪ, ಕೂಡಲೇ ಭಾಷಣ. ಶಾಲು, ಸ್ಮರಣಿಕೆ, ವಂದನಾರ್ಪಣೆ ಎಲ್ಲ ಆಮೇಲೆ. ಸನ್ಮಾನ ತಡವಾದರೆ ಯಾರಿಗೂ ನಷ್ಟವಿಲ್ಲ, ಮಕ್ಕಳ ಏಕಾಗ್ರತೆ ಮಾತ್ರ ಮಧ್ಯಾಹ್ನದವರೆಗೆ ಕಾಯುವುದಿಲ್ಲ. 40 ನಿಮಿಷ ಕೊಟ್ಟಿದ್ದರೆ ಮಾತಿಗೆ 30, ಪ್ರಶ್ನೆಗೆ 10. ಮೊದಲ ಸಾಲಿನಲ್ಲಿ ಒಬ್ಬರು 10, 5, 1 ಎಂದು ದೊಡ್ಡದಾಗಿ ಬರೆದ ರಟ್ಟುಗಳನ್ನು ಹಿಡಿದು ಕೂರಲಿ. ಹಾಗೆ ಕೂರುತ್ತಾರೆಂದು ಅತಿಥಿಗೆ ಹಿಂದಿನ ದಿನವೇ ತಿಳಿಸಿಡಿ.